ಮುಖ ನೋಡಿ ಮಣೆ, ಪಹಣಿ ನೋಡಿ ಜಾಮೀನು

ಡಿಸೆಂಬರ್ ಕಳೆಯುತ್ತಿದ್ದಂತೆ ಸಕಲೇಶಪುರ, ಬೇಲೂರು, ಮೂಡಿಗೆರೆ, ಆಲ್ದೂರು ಸೀಮೆಯ ಕಣಗಳಲ್ಲಿ ಕಾಫಿ ಹರಡಿಕೊಂಡಿರುತ್ತದೆ. ಕಾಫಿ, ಮೆಣಸು ಕಳವಿನ ದೂರುಗಳಿಗೂ ಅದೇ ಕಾಲ. ಎರಡು ಪ್ರಕರಣ ಇಟ್ಟುಕೊಳ್ಳಿ. ಎರಡರಲ್ಲೂ ರಾತ್ರಿ ಹೊತ್ತು ಬಯಲು ಕಣದಿಂದ ತಲಾ ಎರಡು ಮೂಟೆ ಚೆರ್ರಿ (ಸಿಪ್ಪೆಸಹಿತ ಕಾಫಿ ಹಣ್ಣು) ಹೋಗಿದೆ, ಎರಡರಲ್ಲೂ ಮಾಲು ಸಿಕ್ಕಿದೆ, ಇಬ್ಬರು ಆರೋಪಿಗಳಿಗೂ ಇದೇ ಮೊದಲು. ಒಬ್ಬ ಪಕ್ಕದೂರಿನ ತೋಟದವರ ಮಗ, ಡಿಗ್ರಿ ಮುಗಿಸಿದವನು, ಇಸ್ತ್ರಿ ಅಂಗಿ. ಇನ್ನೊಬ್ಬ ಅಸ್ಸಾಮಿನಿಂದ ಬಂದು ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿರುವ ಕೂಲಿ, ಹಿಡಿದ ದಿನ ಹಾಕಿದ್ದ ಬಟ್ಟೆಯಲ್ಲೇ ಕಟಕಟೆಗೆ ಬಂದವನು. ಕಾನೂನಿನ ಪುಸ್ತಕದಲ್ಲಿ ಇವರಿಬ್ಬರಿಗೂ ವ್ಯತ್ಯಾಸವಿಲ್ಲ. ಕೋರ್ಟಿನ ಕಾರಿಡಾರಿನಲ್ಲಿ ನಿಂತು ಯಾರನ್ನೇ ಕೇಳಿ, ವ್ಯತ್ಯಾಸವಿದೆ ಎನ್ನುತ್ತಾರೆ.

ಎಲ್ಲಿದೆ, ಎಷ್ಟಿದೆ ಎಂದು ಕೇಳಿದರೆ ಮಾತ್ರ ಉತ್ತರ ಅಷ್ಟು ಸುಲಭವಲ್ಲ. ಈ ಪ್ರಶ್ನೆಯ ಮೇಲೆ ಅರ್ಧ ಶತಮಾನದಿಂದ ಸಂಶೋಧನೆ ನಡೆದಿದೆ. ಹೆಚ್ಚಿನದು ಅಮೆರಿಕದ್ದು, ಅದರಲ್ಲೂ ಹೆಚ್ಚಿನದು ಜ್ಯೂರಿಯ ಬಗ್ಗೆ, ಅಂದರೆ ವಿಚಾರಣೆ ಕೇಳಿ ತೀರ್ಮಾನ ಹೇಳುವ ಜನಸಾಮಾನ್ಯರ ತಂಡದ ಬಗ್ಗೆ. ಅದನ್ನು ಹಾಗೇ ತಂದು ಹಾಸನದ ಜಿಲ್ಲಾ ನ್ಯಾಯಾಲಯಕ್ಕೆ ಅಂಟಿಸಲಾಗದು. ಹಾಗಂತ ಪಕ್ಕಕ್ಕಿಡುವಂಥದ್ದೂ ಅಲ್ಲ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಜ್ಯೂರಿಯೇ ಶಿಕ್ಷೆ ವಿಧಿಸುತ್ತದೆ ಎಂದು ಸಿನಿಮಾ ನೋಡಿದ ನಮಗೆ ಅನ್ನಿಸುತ್ತದೆ. ಇಂಗ್ಲೆಂಡಿನಲ್ಲಿ ಜ್ಯೂರಿಯ ಕೆಲಸ ತಪ್ಪಿತಸ್ಥ ಹೌದೋ ಅಲ್ಲವೋ ಎನ್ನುವುದಷ್ಟೆ. ಎಷ್ಟು ವರ್ಷ ಎಂಬುದು ನ್ಯಾಯಾಧೀಶರ ಪಾಲು. ಅಮೆರಿಕದಲ್ಲೂ ಮರಣದಂಡನೆಯ ಪ್ರಕರಣ ಬಿಟ್ಟರೆ ಬಹುಪಾಲು ರಾಜ್ಯಗಳಲ್ಲಿ ಹಾಗೇ. ಟೆಕ್ಸಾಸ್‌ನಂಥ ಕೆಲವೇ ರಾಜ್ಯಗಳಲ್ಲಿ ಉಳಿದ ಅಪರಾಧಗಳಿಗೂ ಜ್ಯೂರಿ ವರ್ಷ ಎಣಿಸಬಹುದು. ಫ್ರಾನ್ಸಿನ ಅಸೀಜ್ ಕೋರ್ಟಿನಲ್ಲಿ ಮೂವರು ನ್ಯಾಯಾಧೀಶರೂ ಆರು ಮಂದಿ ನಾಗರಿಕರೂ ಒಟ್ಟಿಗೆ ಕೂತು ಎರಡನ್ನೂ ತೀರ್ಮಾನಿಸುತ್ತಾರೆ. ಜಪಾನಿನಲ್ಲಿ 2009ರ ಮೇ ತಿಂಗಳಿಂದ ಗಂಭೀರ ಅಪರಾಧಗಳಿಗೆ ಇದೇ ಲೆಕ್ಕ: ಮೂವರು ನ್ಯಾಯಾಧೀಶರು, ಆರು ಸಾಮಾನ್ಯರು.

ನಮ್ಮಲ್ಲಿ ಜ್ಯೂರಿ ಇತ್ತು, ಹೋಯಿತು. 1959ರಲ್ಲಿ ಬೊಂಬಾಯಿಯಲ್ಲಿ ನಡೆದ ನಾನಾವತಿ ಪ್ರಕರಣವೇ ಅದನ್ನು ಕೊಂದಿತೆಂದು ಹೇಳುವ ವಾಡಿಕೆಯಿದೆ. ಪದಕ ತೊಟ್ಟ ಬಿಳಿ ಸಮವಸ್ತ್ರದ ನೌಕಾಪಡೆ ಅಧಿಕಾರಿ, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಆರೋಪ, ಪರವಾಗಿ ನಿಂತ ಪತ್ರಿಕೆ, 8–1ರ ಬಹುಮತದಲ್ಲಿ 'ತಪ್ಪಿತಸ್ಥನಲ್ಲ' ಎಂಬ ಜ್ಯೂರಿ. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟ್ ಜೀವಾವಧಿ ಕೊಟ್ಟಿತು, 1961ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಜ್ಯೂರಿ ಬೇಡವೆಂದು ಕಾನೂನು ಆಯೋಗ ಅದಕ್ಕೂ ಒಂದು ವರ್ಷ ಮೊದಲೇ, 1958ರ ವರದಿಯಲ್ಲಿ ಹೇಳಿಯಾಗಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಉಳಿದದ್ದನ್ನೂ ಒರೆಸಿಹಾಕಿತು. ಒಂಬತ್ತು ಮಂದಿಯ ಹದಿನೆಂಟು ಕಣ್ಣು ನೋಡುವುದನ್ನು ಎರಡೇ ಕಣ್ಣು ನೋಡುವಂತಾಯಿತು. ಆ ಎರಡು ಕಣ್ಣಿಗೆ ತರಬೇತಿಯಿದೆ, ಕಾರಣ ಬರೆದಿಡುವ ಹೊಣೆಯಿದೆ, ಮೇಲೆ ಅಪೀಲಿದೆ. ಆದರೂ ಅವು ಕಣ್ಣುಗಳೇ.

ಚೆಲುವಿನ ಲೆಕ್ಕ

ಮುಖದ ಮೇಲಿನ ಪ್ರಯೋಗಗಳಲ್ಲಿ ಹೆಚ್ಚು ಉಲ್ಲೇಖವಾಗುವುದು 1975ರಲ್ಲಿ ಸಿಗಾಲ್ ಮತ್ತು ಆಸ್ಟ್ರೋವ್ ಮಾಡಿದ್ದು. 120 ಜನರಿಗೆ ಒಬ್ಬ ಹೆಣ್ಣಿನ ಅಪರಾಧದ ವಿವರ ಓದಲು ಕೊಟ್ಟರು. ಕೆಲವರಿಗೆ ಚೆಲುವಾದ ಫೋಟೋ, ಕೆಲವರಿಗೆ ಚೆಲುವಿಲ್ಲದ್ದು, ಕೆಲವರಿಗೆ ಫೋಟೋವೇ ಇಲ್ಲ. ಮನೆಗಳ್ಳತನವಾದಾಗ ಚೆಲುವೆಗೆ ಸರಾಸರಿ 2.8 ವರ್ಷ, ಚೆಲುವಿಲ್ಲದವಳಿಗೆ 5.2 ವರ್ಷ. ಫೋಟೋ ಇಲ್ಲದವಳಿಗೆ 5.1. ಅಂದರೆ ಕುರೂಪಕ್ಕೆ ದಂಡ ಬೀಳಲಿಲ್ಲ, ರೂಪಕ್ಕೆ ರಿಯಾಯಿತಿ ಸಿಕ್ಕಿತು. ಆದರೆ ಅದೇ ಹೆಣ್ಣು ಮರುಳು ಮಾಡಿ ಹಣ ಕಿತ್ತಳು ಎಂಬ ವಂಚನೆಯ ಕತೆಯಲ್ಲಿ ಲೆಕ್ಕ ತಿರುಗಿಬಿತ್ತು: ಚೆಲುವೆಗೆ 5.45, ಉಳಿದವರಿಗೆ 4.35. ಚೆಲುವನ್ನೇ ಆಯುಧ ಮಾಡಿಕೊಂಡಳೆಂದು ಜನ ಸಿಟ್ಟಾದರು. ಮುಂದೆ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 1994ರಲ್ಲಿ ಮಾಡಿದ ಲೆಕ್ಕಾಚಾರವೂ ಸುಮಾರಾಗಿ ಇದನ್ನೇ ಹೇಳಿತು: ರೂಪ, ಮೇಲ್ವರ್ಗದ ಬದುಕು ಎರಡೂ ಆರೋಪಿಗೆ ಅನುಕೂಲ, ಆದರೆ ಅಪರಾಧದ ಬಗೆ ಬದಲಾದಂತೆ ಅನುಕೂಲವೂ ಬದಲು.

ಇವೆಲ್ಲ ಕಾಲೇಜು ಹುಡುಗರಿಗೆ ಕಾಗದ ಕೊಟ್ಟು ಮಾಡಿದ ಆಟ ಎಂದು ತಳ್ಳಿಹಾಕಬಹುದು. ನಿಜವಾದ ಕೋರ್ಟಿನಲ್ಲಿ ಕೂತು ನೋಡಿದವರೂ ಇದ್ದಾರೆ. ಪೆನ್ಸಿಲ್ವೇನಿಯಾದಲ್ಲಿ 74 ಆರೋಪಿಗಳನ್ನು ಗಮನಿಸಿ 1980ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಪ್ಪಿತಸ್ಥ ಹೌದೇ ಅಲ್ಲವೇ ಎಂಬ ತೀರ್ಮಾನಕ್ಕೂ ರೂಪಕ್ಕೂ ನಂಟು ಕಾಣಲಿಲ್ಲ. ಶಿಕ್ಷೆಯ ಉದ್ದಕ್ಕೆ ಮಾತ್ರ ಕಂಡಿತು. ಇಡೀ ವಿಷಯದಲ್ಲಿ ನೆನಪಿಡಬೇಕಾದದ್ದು ಇದೇ. ತಪ್ಪು ಮಾಡಿದನೋ ಇಲ್ಲವೋ ಎಂಬುದಕ್ಕೆ ಸಾಕ್ಷಿಯಿದೆ, ಮಹಜರಿದೆ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿಯಿದೆ. ಅಲ್ಲಿ ಮುಖಕ್ಕೆ ಜಾಗ ಕಡಿಮೆ. ಮೂರು ತಿಂಗಳೋ ಮೂರು ವರ್ಷವೋ ಎಂಬುದಕ್ಕೆ ಮಾಪಕವೇ ಇಲ್ಲ. ಆ ಖಾಲಿ ಜಾಗಕ್ಕೆ ಮುಖ ಬಂದು ಕೂರುತ್ತದೆ. 1966ರಲ್ಲೇ ಶಿಕಾಗೊ ಸಂಶೋಧಕರು 3,576 ವಿಚಾರಣೆಗಳನ್ನು ನೋಡಿ ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಹೇಳಿದ್ದರು: ಸಾಕ್ಷ್ಯ ಎರಡೂ ಕಡೆ ಸಮನಾಗಿ ತೂಗಿದಾಗ ಜ್ಯೂರಿಯ ಮರುಕ, ಅಸಹ್ಯಗಳು ಹೊರಬರುತ್ತವೆ.

ಮುಖ ಎಂದರೆ ಚೆಲುವೊಂದೇ ಅಲ್ಲ. ಫಿಲಡೆಲ್ಫಿಯಾದ ಮರಣದಂಡನೆ ಪ್ರಕರಣಗಳ ಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನ ಎದೆ ನಡುಗಿಸುವಂಥದ್ದು. ಬಿಳಿಯರನ್ನು ಕೊಂದ ಆರೋಪ ಹೊತ್ತ 44 ಕಪ್ಪು ಗಂಡಸರ ಫೋಟೋಗಳನ್ನು, ಅವರ ಹಿನ್ನೆಲೆ ತಿಳಿಯದವರಿಂದ ಅಂಕ ಹಾಕಿಸಿದರು. ದಪ್ಪ ತುಟಿ, ಅಗಲ ಮೂಗು, ಗಾಢ ಬಣ್ಣ ಹೀಗೆ 'ಹೆಚ್ಚು ಕಪ್ಪು' ಎನ್ನಿಸಿದವರಲ್ಲಿ 57.5 ಶೇಕಡಾ ಮಂದಿಗೆ ಮರಣದಂಡನೆಯಾಗಿತ್ತು, ಉಳಿದವರಲ್ಲಿ 24.4. ಕೊಲೆಯಾದವನೂ ಕಪ್ಪು ಜನಾಂಗದವನಾಗಿದ್ದಾಗ ಈ ಅಂತರ ಕಾಣಲಿಲ್ಲ. ಅದಕ್ಕೂ ಮೊದಲು ಜಾರ್ಜಿಯಾ ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ಕೊಲೆ ಪ್ರಕರಣಗಳ ಲೆಕ್ಕ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದಿತ್ತು: ಸತ್ತವರು ಬಿಳಿಯರಾದರೆ ಮರಣದಂಡನೆಯ ಸಾಧ್ಯತೆ 4.3 ಪಟ್ಟು. 1987ರಲ್ಲಿ ಮೆಕ್ಲೆಸ್ಕಿ ಪ್ರಕರಣದಲ್ಲಿ ಕೋರ್ಟ್ 5–4ರಲ್ಲಿ, ಈ ಅಂಕಿಅಂಶದಿಂದ ಈ ಆರೋಪಿಗೇ ತಾರತಮ್ಯವಾಗಿದೆ ಎಂದು ಸಾಬೀತಾಗದು ಎಂದು ಹೇಳಿ ಕೈತೊಳೆದುಕೊಂಡಿತು. ಆರೋಪಿಯ ಮುಖದಷ್ಟೇ ಸತ್ತವರ ಮುಖವೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ನಮ್ಮ ಚರ್ಚೆಗಳಲ್ಲಿ ಯಾರೂ ಎತ್ತುವುದಿಲ್ಲ.

ಇಂಗ್ಲೆಂಡಿನ ಚಿತ್ರ ಬೇರೆ. ಅಲ್ಲಿನ ನ್ಯಾಯವ್ಯವಸ್ಥೆಯಲ್ಲಿ ಜನಾಂಗಭೇದವಿದೆಯೇ ಎಂದು ಪರಿಶೀಲಿಸಿದ 2017ರ ಲ್ಯಾಮಿ ವರದಿ ಜ್ಯೂರಿಗಳು ಜನಾಂಗ ನೋಡಿ ತಪ್ಪಿತಸ್ಥರೆನ್ನುವುದಿಲ್ಲ ಎಂದಿತು. ಆದರೆ ಮಾದಕವಸ್ತು ಪ್ರಕರಣಗಳಲ್ಲಿ ಬಿಳಿಯರಲ್ಲದವರಿಗೆ ಜೈಲಾಗುವ ಸಾಧ್ಯತೆ ಬಹಳ ಹೆಚ್ಚೆಂದು ತೋರಿಸಿತು. ಜನಸಾಮಾನ್ಯರ ಹನ್ನೆರಡು ಮಂದಿ ಪಾಸಾದರು, ಪ್ರಶ್ನೆ ಬಂದದ್ದು ಶಿಕ್ಷೆಯ ಹಂತದ ಬಗ್ಗೆ. ಜ್ಯೂರಿ ಹೋದದ್ದರಿಂದ ಪೂರ್ವಗ್ರಹವೂ ಹೋಯಿತು ಎಂದು ನಂಬುವವರು ಇದನ್ನು ಒಮ್ಮೆ ಓದಬೇಕು.

ಇಂಥ ಸಂಶೋಧನೆಗಳನ್ನು ಕಣ್ಣುಮುಚ್ಚಿ ನಂಬಲೂಬಾರದು. ಇಸ್ರೇಲಿನ ಪೆರೋಲ್ ನ್ಯಾಯಾಧೀಶರು ಊಟಕ್ಕೆ ಮೊದಲು ಹಸಿವಿನಿಂದ ಎಲ್ಲರಿಗೂ 'ಇಲ್ಲ' ಎನ್ನುತ್ತಾರೆ ಎಂಬ 2011ರ ಅಧ್ಯಯನ ವಾಟ್ಸ್ಆ್ಯಪ್‌ನಲ್ಲಿ ಇಂದಿಗೂ ಓಡಾಡುತ್ತಿದೆ. ಅದೇ ವರ್ಷ ಬಂದ ಉತ್ತರ ಅಷ್ಟು ಓಡಾಡಲಿಲ್ಲ: ಅಲ್ಲಿ ವಕೀಲರಿಲ್ಲದ ಕೈದಿಗಳ ಸರದಿ ವಿರಾಮಕ್ಕೆ ಸ್ವಲ್ಪ ಮೊದಲು ಬರುತ್ತಿತ್ತು. ಹೊಟ್ಟೆಯದೆಂದು ತಿಳಿದದ್ದರಲ್ಲಿ ಒಂದು ಪಾಲಾದರೂ ವಕೀಲರಿಲ್ಲದ್ದರಿಂದ ಆದದ್ದು. ನಮ್ಮ ತಾಲ್ಲೂಕು ಕೋರ್ಟುಗಳ ಓಡಾಟ ಬಲ್ಲವರಿಗೆ ಈ ಎರಡನೇ ವಿವರಣೆಯೇ ಹೆಚ್ಚು ಪರಿಚಿತ.

ಭಾರತದ ಬಗ್ಗೆಯೂ ಒಂದು ದೊಡ್ಡ ಲೆಕ್ಕ ಇದೆ. 2010ರಿಂದ 2018ರವರೆಗಿನ 50 ಲಕ್ಷಕ್ಕೂ ಹೆಚ್ಚು ಕ್ರಿಮಿನಲ್ ಪ್ರಕರಣಗಳನ್ನು ಹಿಡಿದು, ನ್ಯಾಯಾಧೀಶರು ತಮ್ಮದೇ ಧರ್ಮದ ಅಥವಾ ಲಿಂಗದ ಆರೋಪಿಗಳನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತಾರೆಯೇ ಎಂದು ಅರ್ಥಶಾಸ್ತ್ರಜ್ಞರು ನೋಡಿದರು. ಅಂಥ ಒಲವು ಕಾಣಲಿಲ್ಲ. ಇದು ಸಮಾಧಾನದ ಸುದ್ದಿಯೇ. ಆದರೆ ಅವರು ಅಳೆದದ್ದು ಹೆಸರಿನಿಂದ ಗುರುತಿಸಬಹುದಾದ 'ನಮ್ಮವರು–ಬೇರೆಯವರು' ವ್ಯತ್ಯಾಸವನ್ನು, ಅದೂ ಬಿಡುಗಡೆಯ ಹಂತದಲ್ಲಿ. ಎಲ್ಲ ನ್ಯಾಯಾಧೀಶರೂ ಒಂದೇ ರೀತಿ ಬಡವನನ್ನು ಅನುಮಾನದಿಂದ ನೋಡಿದರೆ ಆ ಜಾಲರಿಯಲ್ಲಿ ಅದು ಸಿಕ್ಕುವುದಿಲ್ಲ.

ಮಲೆನಾಡಿನಲ್ಲಿ 'ರೂಪ' ಎಂದರೆ ಏನು

ಇಲ್ಲಿ ಮೂಗು, ಬಣ್ಣಕ್ಕಿಂತ ಮುಂಚೆ ಓದಿಕೊಳ್ಳುವುದು ಬೇರೆಯದನ್ನು: ಜೊತೆಗೆ ಯಾರು ಬಂದಿದ್ದಾರೆ, ಮಾತು ಯಾವ ಕಡೆಯದು, ಚಪ್ಪಲಿ ಎಂಥದ್ದು, ಮನೆ ಹೆಸರು ಏನು. 'ಯಾರ ಪೈಕಿ?' ಎಂಬ ಒಂದೇ ಪ್ರಶ್ನೆಯಲ್ಲಿ ಜಾತಿ, ಜಮೀನು, ಊರು ಮೂರೂ ಬಂದುಬಿಡುತ್ತವೆ. ಗೌರವಸ್ಥರು ಹೀಗೆ ಮಾಡಲಾರರು ಎಂಬ ಊಹೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ತಮಿಳುನಾಡಿನ ಕೀಳ್ವೆಣ್ಮಣಿ ಸಾಕ್ಷಿ. 1968ರ ಡಿಸೆಂಬರ್ 25ರಂದು ಅಲ್ಲಿ 44 ದಲಿತರು ಗುಡಿಸಲಿನಲ್ಲಿ ಬೆಂದುಹೋದರು. ಆರೋಪಿಗಳನ್ನು ಬಿಟ್ಟ ಮದ್ರಾಸ್ ಹೈಕೋರ್ಟ್, ಇವರೆಲ್ಲ ಶ್ರೀಮಂತ ಜಮೀನ್ದಾರರು, ಖುದ್ದಾಗಿ ನಡೆದುಹೋಗಿ ಬೆಂಕಿ ಇಟ್ಟರೆಂದು ನಂಬುವುದು ಕಷ್ಟ ಎಂಬರ್ಥದ ಮಾತು ಬರೆಯಿತು. ಅಲ್ಲಿ ಮುಖದ ಕೆಲಸವನ್ನು ಜಮೀನು ಮಾಡಿತು.

ನೋಟವನ್ನು ಓದುವ ಭಾಷೆಯೂ ಊರಿಂದ ಊರಿಗೆ ಬೇರೆ. ದೊಡ್ಡವರ ಮುಂದೆ ಕೈಕಟ್ಟಿ ತಲೆತಗ್ಗಿಸುವುದು ನಮ್ಮಲ್ಲಿ ಮರ್ಯಾದೆ. ಅದನ್ನೇ ತಪ್ಪೊಪ್ಪಿಗೆ ಎಂದು ಓದುವವರೂ ಇದ್ದಾರೆ. ಕನ್ನಡ ಬಾರದವನು ಪ್ರಶ್ನೆ ಅರ್ಥವಾಗದೆ ಸುಮ್ಮನಿದ್ದರೆ ಅದು ಮೊಂಡುತನವಾಗಿ ಕಾಣುತ್ತದೆ. ಜಪಾನಿನಲ್ಲಿ ಪಶ್ಚಾತ್ತಾಪ ತೋರಿಸುವುದಕ್ಕೆ ಶಿಕ್ಷೆಯ ಲೆಕ್ಕದಲ್ಲಿ ದೊಡ್ಡ ಸ್ಥಾನವಿದೆ. ತಪ್ಪು ಮಾಡದವನು ಏನು ತೋರಿಸಬೇಕು ಎಂಬ ತೊಡಕೂ ಅದರ ಜೊತೆಗೇ ಇದೆ. ನಮ್ಮ ಸಂಹಿತೆ ಇಲ್ಲೊಂದು ಸೂಕ್ಷ್ಮ ಕಾಪಾಡಿಕೊಂಡಿದೆ. ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 315ನೇ ಕಲಂ ಪ್ರಕಾರ ನ್ಯಾಯಾಧೀಶರು ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆದುಕೊಳ್ಳಬಹುದು. ಕಟಕಟೆಯಲ್ಲಿ ನಿಂತ ಆರೋಪಿಯ ಹಾವಭಾವಕ್ಕೆ ಅಲ್ಲಿ ಜಾಗವಿಲ್ಲ. ಅದರ ಹಿಂದಿನ 314ನೇ ಕಲಂ, ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ತಿಳಿಯುವ ಭಾಷೆಗೆ ತಿರುಗಿಸಿ ಹೇಳಬೇಕು ಎನ್ನುತ್ತದೆ. ಅಸ್ಸಾಮಿನ ಹುಡುಗನಿಗೆ 'ಹಿಂದಿ ಬರುತ್ತಲ್ಲ' ಎಂದು ಮುಂದೆ ಹೋದರೆ ಈ ಕಲಂ ಕಾಗದದಲ್ಲೇ ಉಳಿಯುತ್ತದೆ. ವಕೀಲರು ಮೊದಲ ಸಾಕ್ಷಿಯ ದಿನವೇ ದುಭಾಷಿ ಬೇಕೆಂದು ಲಿಖಿತ ಅರ್ಜಿ ಹಾಕಬೇಕು. ಅಪೀಲಿನಲ್ಲಿ ಎತ್ತಿದರೆ 'ಆಗ ಯಾಕೆ ಹೇಳಲಿಲ್ಲ' ಎಂಬ ಪ್ರಶ್ನೆ ಕಾದಿರುತ್ತದೆ.

ಬಟ್ಟೆ, ಬೇಡಿಗಳ ವಿಷಯದಲ್ಲಿ ಬೇರೆ ದೇಶಗಳು ಹೆಚ್ಚು ಎಚ್ಚರ ವಹಿಸಿವೆ. ಜೈಲಿನ ಉಡುಪಿನಲ್ಲಿ ಆರೋಪಿಯನ್ನು ಬಲವಂತವಾಗಿ ಜ್ಯೂರಿ ಮುಂದೆ ನಿಲ್ಲಿಸಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ವಿಶೇಷ ಕಾರಣವಿಲ್ಲದೆ ಮರಣದಂಡನೆಯ ಶಿಕ್ಷೆ ನಿಗದಿಯ ಹಂತದಲ್ಲೂ ಕಾಣುವಂತೆ ಸಂಕೋಲೆ ಹಾಕಬಾರದೆಂದು 2005ರಲ್ಲಿ. ಜಪಾನಿನಲ್ಲಿ ಸಾಮಾನ್ಯರು ಪೀಠಕ್ಕೆ ಬಂದ ಮೇಲೆ ಅವರು ಒಳಗೆ ಬರುವ ಮೊದಲೇ ಬೇಡಿ, ಹಗ್ಗ ಬಿಚ್ಚುವ ಏರ್ಪಾಡಾಯಿತು; ಕುತ್ತಿಗೆಗೆ ಸುತ್ತದೆ ಸಿಕ್ಕಿಸಿಕೊಳ್ಳುವ ಟೈ, ಶೂಗಳಂತೆ ಕಾಣುವ ಚಪ್ಪಲಿ ಕೊಡುವುದೂ ಶುರುವಾಯಿತು. ನಗೆ ಬರುವಂಥ ವಿವರ, ಆದರೆ ಅದರ ಹಿಂದಿನ ಭಯ ನಿಜವಾದದ್ದು. ನಮ್ಮಲ್ಲಿ 1980ರ ಪ್ರೇಮ್ ಶಂಕರ್ ಶುಕ್ಲಾ ತೀರ್ಪು ಇದೆ. 'ಉತ್ತಮ ದರ್ಜೆ'ಯ ಕೈದಿಗೆ ಬೇಡಿ ಬೇಡ, ಸಾಮಾನ್ಯನಿಗೆ ಹಾಕಿ ಎಂಬ ಪಂಜಾಬ್ ಪೊಲೀಸ್ ನಿಯಮದ ವರ್ಗಭೇದವನ್ನು ಸುಪ್ರೀಂ ಕೋರ್ಟ್ ಅಲ್ಲಿ ತಳ್ಳಿಹಾಕಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43(3) ಕೆಲವು ಗಂಭೀರ ಅಪರಾಧಗಳಿಗೂ, ಮತ್ತೆ ಮತ್ತೆ ತಪ್ಪು ಮಾಡುವವರಿಗೂ ಬೇಡಿಯನ್ನು ಮತ್ತೆ ಒಳಗೆ ಬಿಟ್ಟುಕೊಂಡಿದೆ. ಎರಡು ಮೂಟೆ ಕಾಫಿ ಕದ್ದ ಮೊದಲ ಸಲದ ಆರೋಪಿ ಆ ಪಟ್ಟಿಯಲ್ಲಿ ಬರುವುದಿಲ್ಲ.

ಜೈಲಿನಿಂದ ವಿಡಿಯೊ ಮೂಲಕ ಹಾಜರುಪಡಿಸುವುದು ಈಗ ದಿನನಿತ್ಯದ ಮಾತು. ಶಿಕಾಗೊ ಇರುವ ಕುಕ್ ಕೌಂಟಿಯಲ್ಲಿ 1999ರಲ್ಲಿ ಜಾಮೀನು ವಿಚಾರಣೆ ಪರದೆಗೆ ಹೋದ ಮೇಲೆ ಜಾಮೀನಿನ ಮೊತ್ತ ಸರಾಸರಿ 51 ಶೇಕಡಾ ಏರಿತ್ತು. ಮಂಕು ಬೆಳಕು, ತಡವರಿಸುವ ಧ್ವನಿ, ಎಲ್ಲೋ ನೋಡುತ್ತಿರುವಂತೆ ಕಾಣುವ ಕಣ್ಣು: ಕೆಟ್ಟ ಕ್ಯಾಮೆರಾ ಯಾರನ್ನಾದರೂ ಕಳ್ಳನಂತೆ ತೋರಿಸುತ್ತದೆ. ಜಾಮೀನು, ಶಿಕ್ಷೆಯ ವಿಚಾರಣೆಯ ದಿನವಾದರೂ ಖುದ್ದು ಹಾಜರಿಗೆ ವಕೀಲರು ಒತ್ತಾಯಿಸುವುದು ಒಳ್ಳೆಯದು.

ತೀರ್ಪಿಗೆ ಮೊದಲೇ ಬಿದ್ದ ತೀರ್ಪು

ಈಗ ಆ ಇಬ್ಬರ ಕಡೆ ಬರೋಣ. ನ್ಯಾಯಾಧೀಶರು ಮುಖ ನೋಡಿ ಶಿಕ್ಷೆ ಕೊಟ್ಟರೇ ಎಂದು ಹುಡುಕುವವರು ತಪ್ಪು ದಿನ ಹುಡುಕುತ್ತಿದ್ದಾರೆ. ಅವರ ಮುಂದೆ ಕಡತ ಬರುವ ಹೊತ್ತಿಗೆ ಹಿನ್ನೆಲೆಯು ಕಾನೂನಿನ ವೇಷ ತೊಟ್ಟು ಕೂತಿರುತ್ತದೆ.

ಮೊದಲ ವೇಷ, ಕಲಂ. ಹೊರಗಿನವನು ಬಯಲು ಕಣದಿಂದ ಕದ್ದರೆ ಹಳೆಯ ದಂಡ ಸಂಹಿತೆಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 303(2): ಗರಿಷ್ಠ 3 ವರ್ಷ. ಅದೇ ತೋಟದ ಆಳು ಮಾಲೀಕನ ಮಾಲು ಕದ್ದರೆ 306: ಗರಿಷ್ಠ 7 ವರ್ಷ. ನಂಬಿಕೆ ಮುರಿದದ್ದಕ್ಕೆ ಹೆಚ್ಚು ಎಂಬುದು ಕಾನೂನಿನ ತರ್ಕ. ತರ್ಕ ಸರಿಯಿರಬಹುದು, ಆದರೆ ಕೂಲಿಯಾಗಿರುವುದೇ ಇಲ್ಲಿ ನಾಲ್ಕು ವರ್ಷ ತೂಗುತ್ತದೆ. ಕಣದ ಬದಲು ಗೋದಾಮು ಎಂದು ಮಹಜರಿನಲ್ಲಿ ಬರೆದರೆ 305, ಅಲ್ಲೂ 7. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಮೊದಲ ಸಲದ ಶಿಕ್ಷೆ, ಮಾಲು ಅಥವಾ ಅದರ ಬೆಲೆ ವಾಪಸು ಎಂಬ ಮೂರೂ ಸೇರಿದರೆ 303(2)ರಲ್ಲಿ ಸಮುದಾಯ ಸೇವೆಯಷ್ಟೇ ಶಿಕ್ಷೆ. ಪ್ರಕರಣ ಜಾಮೀನೀಯವೂ ಆಗುತ್ತದೆ. ಆದ್ದರಿಂದ ತೂಕ, ಬೆಲೆ ಬರೆಯುವ ಸಾಲು ಇಡೀ ಪ್ರಕರಣದ ಕೀಲಿ. ಈಚಿನ ಬೆಲೆಯಲ್ಲಿ 50 ಕಿಲೋದ ಒಂದು ಮೂಟೆ ಒಣ ಚೆರ್ರಿ ಈ ಮಿತಿ ದಾಟುತ್ತದೆ. ಆದರೆ ಕದ್ದದ್ದು ಹಸಿ ಹಣ್ಣಾಗಿದ್ದರೆ ಒಣಗಿದ ಮೇಲೆ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಸಿ ತೂಕಕ್ಕೆ ಒಣ ಬೆಲೆ ಹಾಕಿದರೆ ಲೆಕ್ಕ ಎರಡು ಪಟ್ಟು ಮೀರುತ್ತದೆ. ತೋಟದವರ ಮಗನ ವಕೀಲರು ಇದನ್ನು ಅದೇ ದಿನ ಕೇಳುತ್ತಾರೆ. ಕೂಲಿಗೆ ವಕೀಲರು ಸಿಗುವಷ್ಟರಲ್ಲಿ ಮಹಜರಿನ ಶಾಯಿ ಒಣಗಿರುತ್ತದೆ.

ಎರಡನೆಯದು ಜಾಮೀನು, ಮತ್ತು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಆದೇಶ ಸಿಕ್ಕರೂ ಶ್ಯೂರಿಟಿ ಬೇಕು. ಶ್ಯೂರಿಟಿ ಎಂದರೆ ನಮ್ಮ ಕೋರ್ಟುಗಳಲ್ಲಿ ವಾಡಿಕೆಯಂತೆ ಪಹಣಿ. ಅಪ್ಪನ ಹೆಸರಿನಲ್ಲಿ ಮೂರೆಕರೆ ಇದ್ದವನು ಸಂಜೆಯೊಳಗೆ ಹೊರಗೆ. ಅಸ್ಸಾಮಿನ ಬರಪೇಟಾದಲ್ಲಿ ಅರ್ಧ ಬಿಘಾ ಜಮೀನಿದ್ದವನ ಕಾಗದ ಇಲ್ಲಿ ಯಾರಿಗೂ ಓದಲು ಬಾರದು. 1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ, ಗಾರೆ ಕೆಲಸದವನೊಬ್ಬನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಬೇರೆ ಜಿಲ್ಲೆಯಲ್ಲಿ ಆಸ್ತಿಯಿದ್ದ ಸಹೋದರನ ಶ್ಯೂರಿಟಿ ಒಪ್ಪದಿದ್ದ ಮ್ಯಾಜಿಸ್ಟ್ರೇಟರ ಕ್ರಮವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಟುವಾಗಿ ಟೀಕಿಸಿದರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು: ಸ್ಥಳೀಯ ಶ್ಯೂರಿಟಿಗೆ ಪಟ್ಟು ಹಿಡಿಯಬೇಡಿ, ಆದೇಶವಾಗಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಲಿ, ಒಂದು ತಿಂಗಳಾದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಶೀಲಿಸಲಿ. 45 ವರ್ಷ ಕಳೆದರೂ ಅದೇ ಮಾತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು.

ಮೂರನೆಯದು ಹಣೆಪಟ್ಟಿ. ಕರ್ನಾಟಕ ಪೊಲೀಸ್ ಕೈಪಿಡಿಯ ಪ್ರಕಾರ ತೆರೆಯುವ ರೌಡಿ ಶೀಟ್ ಒಂದು ಠಾಣೆಯ ದಾಖಲೆ, ಶಿಕ್ಷೆಯಲ್ಲ. ಹಿಂದಿನ ದುರ್ನಡತೆ ಸಾಮಾನ್ಯವಾಗಿ ಸಾಕ್ಷ್ಯವಾಗಿ ಬರುವಂತಿಲ್ಲ. ಆರೋಪಿ ತಾನು ಒಳ್ಳೆಯವನೆಂದು ಸಾಕ್ಷ್ಯ ಕೊಟ್ಟರೆ ಮಾತ್ರ ಎದುರುತ್ತರವಾಗಿ ಬರಬಹುದು. ಆದರೆ ಜಾಮೀನಿನ ತಕರಾರು ಅರ್ಜಿಯಲ್ಲಿ ಅದೇ ಮೊದಲ ಪ್ಯಾರಾ. ಕೆಲವು ಸಮುದಾಯಗಳಿಗೆ ಈ ಹಣೆಪಟ್ಟಿ ಹುಟ್ಟಿನಿಂದಲೇ ಅಂಟಿತ್ತು. 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟು ಕಾಯ್ದೆ 1952ರಲ್ಲಿ ಹೋದರೂ 'ರೂಢಿಗತ ಅಪರಾಧಿ' ಎಂಬ ಹೆಸರಿನಲ್ಲಿ ನೆರಳು ಉಳಿಯಿತು. 2024ರ ಅಕ್ಟೋಬರ್ 3ರ ಸುಕನ್ಯಾ ಶಾಂತಾ ತೀರ್ಪು ಜೈಲು ಕೈಪಿಡಿಗಳಲ್ಲಿದ್ದ ಜಾತಿ ಆಧಾರದ ಕೆಲಸ ಹಂಚಿಕೆಯನ್ನೂ, ಅಲೆಮಾರಿ ಬುಡಕಟ್ಟುಗಳನ್ನು ಹುಟ್ಟುಗಳ್ಳರಂತೆ ಕಾಣುವ ನಿಯಮಗಳನ್ನೂ ಅಸಾಂವಿಧಾನಿಕ ಎಂದಿತು. ಅದೇ ವರ್ಷದ ಜನವರಿಯಲ್ಲಿ, ಕೋರ್ಟಿನ ಕಾಗದಗಳಲ್ಲಿ ಕಕ್ಷಿದಾರರ ಜಾತಿ, ಧರ್ಮ ನಮೂದಿಸುವ ರೂಢಿ ನಿಲ್ಲಬೇಕೆಂದೂ ಸುಪ್ರೀಂ ಕೋರ್ಟ್ ಹೇಳಿತ್ತು.

ಈ ಮೂರು ಗಾಣಗಳಲ್ಲಿ ಅರೆದುಬಂದವರು ಕೊನೆಗೆ ಹೇಗೆ ಕಾಣುತ್ತಾರೆ ಎಂಬುದಕ್ಕೆ 2016ರಲ್ಲಿ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮರಣದಂಡನೆಗೆ ಗುರಿಯಾದವರ ಬಗ್ಗೆ ತಂದ ವರದಿ ನೋಡಬೇಕು: 74.1 ಶೇಕಡಾ ಮಂದಿ ಆರ್ಥಿಕವಾಗಿ ದುರ್ಬಲರು, 76 ಶೇಕಡಾ ಮಂದಿ ಹಿಂದುಳಿದ ವರ್ಗ, ದಲಿತ, ಆದಿವಾಸಿ ಅಥವಾ ಧಾರ್ಮಿಕ ಅಲ್ಪಸಂಖ್ಯಾತರು.

ಹಿನ್ನೆಲೆ ಶಿಕ್ಷೆ ಹೆಚ್ಚಿಸಲೂಬೇಕಾದ ಸಂದರ್ಭಗಳಿವೆ ಎಂಬುದನ್ನೂ ಹೇಳಬೇಕು. 2025ರ ಆಗಸ್ಟ್ 2ರಂದು ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆಯ ಬಗ್ಗೆ ಕೇಳಿದಾಗ ಅವರು ತಾವು ಎಂಜಿನಿಯರಿಂಗ್ ಪದವೀಧರ, ಮೆರಿಟ್‌ನಲ್ಲಿ ಪಾಸಾದವನು ಎಂದು ಹೇಳಿಕೊಂಡರು. ಆದರೆ ಸಾಬೀತಾದ ಆರೋಪಗಳಲ್ಲಿ ಹಳೆಯ ದಂಡ ಸಂಹಿತೆಯ 376(2)(ಕೆ) ಇತ್ತು: ಹೆಣ್ಣಿನ ಮೇಲೆ ಹಿಡಿತ, ಪ್ರಾಬಲ್ಯ ಇರುವ ಸ್ಥಾನದಲ್ಲಿದ್ದು ಎಸಗಿದ ಅಪರಾಧ. ಅಲ್ಲಿ ಹಿನ್ನೆಲೆ ರಿಯಾಯಿತಿಯ ಚೀಟಿಯಾಗುವುದಿಲ್ಲ, ಅಪರಾಧದ ಭಾಗವೇ ಆಗುತ್ತದೆ.

ಮುಖದ ಬದಲು ಕಾಗದ

ಇಂಗ್ಲೆಂಡಿನಲ್ಲಿ ಶಿಕ್ಷೆಗೆ ಲಿಖಿತ ಮಾರ್ಗಸೂಚಿಗಳಿವೆ: ಹಾನಿ ಎಷ್ಟು, ಹೊಣೆ ಎಷ್ಟು, ಅಲ್ಲಿಂದ ಮೇಲೆ ಕೆಳಗೆ ಯಾವ ಕಾರಣಕ್ಕೆ. ನಮ್ಮಲ್ಲಿ ಇಲ್ಲ. 2003ರಲ್ಲಿ ನಮ್ಮದೇ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ ಮಾರ್ಗಸೂಚಿ ಬೇಕೆಂದಿತು. 2008ರಲ್ಲೂ 2013ರಲ್ಲೂ ಸುಪ್ರೀಂ ಕೋರ್ಟ್ ಇದರ ಕೊರತೆಯನ್ನು ಎತ್ತಿ ಹೇಳಿತು; 2024ರಲ್ಲಿ ಸುನೀತಾ ದೇವಿ ಪ್ರಕರಣದಲ್ಲಿ ಕೇಂದ್ರಕ್ಕೆ ಶಿಕ್ಷಾ ನೀತಿಯ ಬಗ್ಗೆ ಯೋಚಿಸಲು ಹೇಳಿತು. 'ಮೂರು ವರ್ಷದವರೆಗೆ' ಎಂಬ ಎರಡು ಪದಗಳ ನಡುವಿನ ಬಯಲಿನಲ್ಲಿ ನ್ಯಾಯಾಧೀಶರು ಒಬ್ಬರೇ ನಿಂತಿರುತ್ತಾರೆ.

ಆ ಬಯಲನ್ನು ತುಂಬಲು ಇರುವ ಸಾಧನವೆಂದರೆ ಶಿಕ್ಷೆಯ ವಿಚಾರಣೆ. ಸೆಷನ್ಸ್ ಪ್ರಕರಣಗಳಿಗೆ ನಾಗರಿಕ ಸುರಕ್ಷಾ ಸಂಹಿತೆಯ 258(2), ಮ್ಯಾಜಿಸ್ಟ್ರೇಟ್ ಮುಂದಿನ ವಾರಂಟ್ ಪ್ರಕರಣಗಳಿಗೆ 271(2). ತಪ್ಪಿತಸ್ಥ ಎಂದ ಮೇಲೆ ಆರೋಪಿಯ ಮಾತು ಕೇಳಲೇಬೇಕು. ಅದು ಬಾಯಿಮಾತಿನ ಶಾಸ್ತ್ರವಲ್ಲ, ದಾಖಲೆ ಹಾಜರುಪಡಿಸುವ ಅವಕಾಶ ಎಂದು 1976ರ ಸಂತಾ ಸಿಂಗ್ ತೀರ್ಪು ಹೇಳಿದೆ. ನಡೆಯುವುದು ಹೆಚ್ಚಾಗಿ ಇಷ್ಟು: 'ಬಡವ ಸ್ವಾಮಿ, ಹೆಂಡತಿ ಮಕ್ಕಳಿದ್ದಾರೆ, ಕನಿಕರ ತೋರಿಸಬೇಕು.' ಎಲ್ಲರೂ ಹೇಳುವ ಮಾತು ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ. ಆಗ ಕಣ್ಣು ಮತ್ತೆ ಮುಖದ ಕಡೆಗೇ ಹೋಗುತ್ತದೆ.

ಬೇಕಾದದ್ದು ಕಾಗದ: ವಯಸ್ಸಿಗೆ ಶಾಲಾ ದಾಖಲೆ, ಅವಲಂಬಿತರಿಗೆ ರೇಷನ್ ಕಾರ್ಡ್, ಕಾಯಿಲೆಗೆ ಆಸ್ಪತ್ರೆ ಚೀಟಿ, ಮಾಲು ಮರಳಿಸಿದ್ದಕ್ಕೆ ರಸೀದಿ, ಜೈಲಿನ ನಡತೆಗೆ ಅಧೀಕ್ಷಕರ ಪತ್ರ, ಮುಂದೆ ಕೆಲಸ ಕೊಡುವವರ ಪತ್ರ. ವಾದ ಮುಗಿಯುವ ಹಂತದಲ್ಲೇ ಇವು ಕೈಯಲ್ಲಿರಬೇಕು, ಯಾಕೆಂದರೆ ತೀರ್ಪು, ಶಿಕ್ಷೆ ಒಂದೇ ಮಧ್ಯಾಹ್ನ ಮುಗಿದುಹೋಗಬಹುದು. ಮರಣದಂಡನೆಯ ಪ್ರಕರಣಗಳಲ್ಲಿ ಇಂಥ ಮಾಹಿತಿಯನ್ನು, ಮನೋವೈದ್ಯಕೀಯ ವರದಿಯೂ ಸೇರಿ, ಸರ್ಕಾರವೇ ತರಬೇಕೆಂದು 2022ರ ಮನೋಜ್ ತೀರ್ಪು ಹೇಳಿತು. ಕಳ್ಳತನದ ಪ್ರಕರಣಕ್ಕೆ ಅಂಥ ಭಾಗ್ಯವಿಲ್ಲ, ಆದರೆ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆ ಇದೆ. ಮರಣದಂಡನೆ, ಜೀವಾವಧಿ ಇಲ್ಲದ ಅಪರಾಧಗಳಲ್ಲಿ 4ನೇ ಕಲಂ ಪ್ರಕಾರ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 21 ವರ್ಷದೊಳಗಿನವರಾದರೆ 6ನೇ ಕಲಂ: ಪರಿವೀಕ್ಷಣಾಧಿಕಾರಿಯ ವರದಿ ತರಿಸದೆ, ಕಾರಣ ಬರೆಯದೆ ಜೈಲಿಗೆ ಕಳಿಸುವಂತಿಲ್ಲ. ಕೊಡಬಹುದಾದ ಈ ಅವಕಾಶ ಯಾಕೆ ಕೊಡಲಿಲ್ಲ ಎಂಬುದಕ್ಕೂ ನಾಗರಿಕ ಸುರಕ್ಷಾ ಸಂಹಿತೆಯ 402ನೇ ಕಲಂ ವಿಶೇಷ ಕಾರಣ ಬರೆಯಬೇಕೆನ್ನುತ್ತದೆ. ವರದಿಗೆ ಅರ್ಜಿ ಹಾಕುವಾಗ ಒಂದು ತೊಡಕು: ವಿಳಾಸ ಅಸ್ಸಾಮಿನದಾದರೆ ಇಲ್ಲಿನ ಅಧಿಕಾರಿ ಅಲ್ಲಿಗೆ ಹೋಗಲಾರರು. ಆದ್ದರಿಂದ ಲೈನ್ ಮನೆಯ ವಿಳಾಸ, ಎಷ್ಟು ಸುಗ್ಗಿಯಿಂದ ಬರುತ್ತಿದ್ದಾನೆ, ಮೇಸ್ತ್ರಿ ಯಾರು, ಜೊತೆಗೆ ದುಡಿದವರು ಯಾರು ಎಂಬುದನ್ನು ಅರ್ಜಿಯಲ್ಲೇ ಕೊಡಬೇಕು.

ವಕೀಲರಿಗೆ ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಬಹುದು. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ನೆರವಿಗೆ ಆದಾಯದ ಮಿತಿಯಿಲ್ಲ.

ಇನ್ನೊಂದು ಅಪಾಯ ಉಳಿದಿದೆ. ಪಹಣಿ ಸಿಗದೆ ಐದಾರು ತಿಂಗಳು ಒಳಗಿದ್ದವನಿಗೆ ಯಾರೋ ಒಬ್ಬರು ಕಿವಿಯಲ್ಲಿ ಹೇಳುತ್ತಾರೆ: 'ತಪ್ಪಾಯ್ತು ಅಂದ್ಬಿಡು, ಕಳೆದ ದಿನಗಳೇ ಶಿಕ್ಷೆ ಆಗುತ್ತೆ, ನಾಳೆ ಊರಿಗೆ ಹೋಗ್ಬಹುದು.' ಅವನು ಅನ್ನುತ್ತಾನೆ, ಬಿಡುಗಡೆಯಾಗುತ್ತಾನೆ. ಅಪರಾಧಿ ಎಂಬ ದಾಖಲೆ ಮಾತ್ರ ಉಳಿಯುತ್ತದೆ. ಮುಂದಿನ ಸುಗ್ಗಿಯಲ್ಲಿ ಇನ್ನೊಂದು ಕಣದಲ್ಲಿ ಮೂಟೆ ಕಳುವಾದಾಗ ಠಾಣೆಯವರು ಮೊದಲು ಹುಡುಕುವುದು ಅವನನ್ನೇ. ಈ ಬಾರಿ 5,000ದ ರಿಯಾಯಿತಿ ಇಲ್ಲ. ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡುಗಡೆ ಎಂಬ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಮೊದಲ ಸಲದವರಿಗೆ ಮಾತ್ರ. ಅವನಿಗೆ ಅರ್ಧ ಕಳೆಯಬೇಕು. ಮತ್ತೆ 303(2)ರಲ್ಲೇ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷದ ಕಠಿಣ ಸಜೆ. ಆ ಒಂದು ವರ್ಷವನ್ನು ಕಡಿಮೆ ಮಾಡಲು ನ್ಯಾಯಾಧೀಶರಿಗೆ ಅವನ ಮುಖ ನೋಡಿ ಮರುಕ ಹುಟ್ಟಿದರೂ ಆ ಕಲಂನಲ್ಲಿ ಅವಕಾಶವಿಲ್ಲ.